ಆರು ಮಂದಿಯಿಂದ ಶುರುವಾದ ಕಾಲೇಜು

ಪ್ರತಿ ವರ್ಷ ಮೇ ತಿಂಗಳಲ್ಲಿ ಇಲಿನಾಯ್‌ನ ವಿಲ್ ಕೌಂಟಿಯಿಂದ ಮನೆ ಕಂದಾಯದ ಬಿಲ್ಲು ಬರುತ್ತದೆ. ಜೂನ್‌ನಲ್ಲಿ ಅರ್ಧ, ಸೆಪ್ಟೆಂಬರ್‌ನಲ್ಲಿ ಇನ್ನರ್ಧ ಕಟ್ಟಬೇಕು. ಪ್ಲೇನ್‌ಫೀಲ್ಡ್, ಬೋಲಿಂಗ್‌ಬ್ರೂಕ್ ಕಡೆ ಮನೆ ಮಾಡಿಕೊಂಡಿರುವ ಕನ್ನಡದವರಿಗೆಲ್ಲ ಈ ಲಕೋಟೆಯ ಪರಿಚಯ ಚೆನ್ನಾಗಿಯೇ ಇದೆ. ಮೊತ್ತ ನೋಡುವುದು, ಒಂದು ನಿಟ್ಟುಸಿರು ಬಿಡುವುದು, ಮಡಚಿ ಡ್ರಾಯರಿಗೆ ಹಾಕುವುದು. ಒಳಗಿನ ಪಟ್ಟಿಯನ್ನು ಕೂತು ಓದುವವರು ಕಡಿಮೆ. ಶಾಲೆಗೆ ಇಷ್ಟು, ಅಗ್ನಿಶಾಮಕ ದಳಕ್ಕೆ ಇಷ್ಟು, ಲೈಬ್ರರಿಗೆ ಇಷ್ಟು, ಪಾರ್ಕಿಗೆ ಇಷ್ಟು ಅಂತ ಸಾಗುವ ಆ ಪಟ್ಟಿಯಲ್ಲಿ ಒಂದು ಸಾಲು ಕಮ್ಯುನಿಟಿ ಕಾಲೇಜಿನದು, ಜಿಲ್ಲೆಯ ಸಂಖ್ಯೆ 525. ಜೋಲಿಯೆಟ್ ಜೂನಿಯರ್ ಕಾಲೇಜು. ನಾವು ಯಾರೂ ಅಲ್ಲಿ ಓದದೆ ಇರಬಹುದು, ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುವ ಮನಸ್ಸೂ ನಮಗೆ ಇಲ್ಲದಿರಬಹುದು. ದುಡ್ಡಂತೂ ಕೊಡುತ್ತಾ ಬಂದಿದ್ದೇವೆ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ, ದೇವಸ್ಥಾನದ ಬಗ್ಗೆ ಬರೆಯುತ್ತೇನೆ ಎಂದುಕೊಂಡಿರಬೇಕು ಅವರು. ದೇವಸ್ಥಾನದ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟದ್ದು ಈ ಕಾಲೇಜಿನ ಬಗ್ಗೆ. ಇದಕ್ಕೆ 1901ರಿಂದ ಲೆಕ್ಕ ಹಾಕಿದರೆ 2026ಕ್ಕೆ 125 ತುಂಬುತ್ತದೆ. ಅಮೆರಿಕದಲ್ಲಿ ಈಗ ಸಾವಿರಕ್ಕೂ ಹೆಚ್ಚು ಕಮ್ಯುನಿಟಿ ಕಾಲೇಜುಗಳಿವೆ. ಸರ್ಕಾರಿ ಪೈಕಿ ಇವತ್ತಿಗೂ ನಡೆಯುತ್ತಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು ನಮ್ಮ ಕಂದಾಯದ ಬಿಲ್ಲಿನಲ್ಲಿರುವ ಇದೇ ಕಾಲೇಜು. ತೆರಿಗೆ ಕಟ್ಟುವವನಿಗೆ ಅದರ ಚರಿತ್ರೆ ತಿಳಿಯುವ ಹಕ್ಕಾದರೂ ಇರಲಿ.

ಜೋಲಿಯೆಟ್ ಊರಿನಿಂದ ಶುರುಮಾಡಬೇಕು. ಲೆಮಾಂಟ್‌ನ ರಾಮ ದೇವಸ್ಥಾನಕ್ಕೆ ಹೋಗುವಾಗ ಹಳೇ ಪೇಟೆಯ ಚರ್ಚು, ಅಂಗಡಿಗಳ ಗೋಡೆಯಲ್ಲಿ ಬೆಣ್ಣೆ ಹಳದಿಯ ಒಂದು ಕಲ್ಲು ಕಾಣುತ್ತದಲ್ಲ, ಅದೇ ಸುಣ್ಣಕಲ್ಲಿನ ಪದರ ಜೋಲಿಯೆಟ್‌ನ ಅಡಿಯಲ್ಲೂ ಹರಡಿದೆ. ಶಿಕಾಗೊ ಪೇಟೆಯ ನಡುವೆ 1871ರ ಬೆಂಕಿಯನ್ನು ದಾಟಿ ಉಳಿದ ನೀರಿನ ಗೋಪುರ ಈ ಕಡೆಯ ಕಲ್ಲಿನದೇ. 1848ರಲ್ಲಿ ಕಾಲುವೆ ಬಂತು, ಕಲ್ಲು ದೋಣಿ ಹತ್ತಿತು. 1858ರಲ್ಲಿ ಅದೇ ಕಲ್ಲಿನಲ್ಲಿ ಜೈಲು ಕಟ್ಟಿದರು. ಊರಿನ ಹೆಸರು ಹೇಳಿದರೆ ಬಹಳ ಜನಕ್ಕೆ ಇವತ್ತಿಗೂ ನೆನಪಾಗುವುದು ಆ ಜೈಲೇ. ಆಮೇಲೆ ಉಕ್ಕಿನ ಕಾರ್ಖಾನೆ. 1901ರಲ್ಲಿ ದೇಶದ ಹಲವು ದೊಡ್ಡ ಉಕ್ಕಿನ ಕಂಪನಿಗಳನ್ನು ಒಂದುಗೂಡಿಸಿ ಯು.ಎಸ್. ಸ್ಟೀಲ್ ಎಂಬ ಶತಕೋಟಿ ಡಾಲರಿನ ಕಂಪನಿ ಕಟ್ಟಿದರು, ಜೋಲಿಯೆಟ್‌ನ ಕುಲುಮೆಗಳೂ ಅದರ ಒಡಲಿಗೆ ಹೋದವು. ಅದೇ ವರ್ಷ ಅದೇ ಊರಿನ ಹೈಸ್ಕೂಲಿನಲ್ಲಿ ಆರು ಮಂದಿ ಹುಡುಗ ಹುಡುಗಿಯರು, ಹೈಸ್ಕೂಲು ಮುಗಿದ ಮೇಲೂ ಮನೆಗೆ ಹೋಗದೆ ಇನ್ನಷ್ಟು ಪಾಠ ಕೇಳಲು ಕೂತರು. ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ಆಗ ಪಂದ್ಯ ಕಟ್ಟಿದ್ದರೆ ಎಲ್ಲರೂ ಕುಲುಮೆಯ ಕಡೆಗೇ ಕಟ್ಟುತ್ತಿದ್ದರು.

ಆ ಆರು ಮಂದಿಯನ್ನು ಕೂರಿಸಿದವರು ಇಬ್ಬರು. ಒಬ್ಬರು ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್. ಇನ್ನೊಬ್ಬರು ಶಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ಹಾರ್ಪರ್ ಹೀಬ್ರೂ ಪಂಡಿತ; ಇಪ್ಪತ್ತು ತುಂಬುವ ಮೊದಲೇ ಯೇಲ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದ ಮನುಷ್ಯ. ಅವರ ತಲೆಯಲ್ಲಿ ಇದ್ದದ್ದು ಜರ್ಮನ್ ಮಾದರಿ. ಕಾಲೇಜಿನ ಮೊದಲೆರಡು ವರ್ಷದ ಪಾಠ ನಿಜವಾಗಿ ಹೈಸ್ಕೂಲಿನ ಮುಂದುವರಿಕೆ, ವಿಶ್ವವಿದ್ಯಾಲಯ ಅನ್ನಿಸಿಕೊಳ್ಳುವ ವಿದ್ಯೆ ಶುರುವಾಗುವುದು ಮೂರನೇ ವರ್ಷದಿಂದ ಎಂಬುದು ಅವರ ಖಚಿತ ಅಭಿಪ್ರಾಯ. ತಮ್ಮ ವಿಶ್ವವಿದ್ಯಾಲಯದೊಳಗೇ ಈ ಎರಡು ಭಾಗಕ್ಕೆ 1896ರಲ್ಲಿ ಜೂನಿಯರ್ ಕಾಲೇಜು, ಸೀನಿಯರ್ ಕಾಲೇಜು ಎಂದು ಹೆಸರಿಟ್ಟರು. ಮೊದಲ ಭಾಗವನ್ನು ಊರೂರಿನ ಹೈಸ್ಕೂಲುಗಳೇ ವಹಿಸಿಕೊಂಡರೆ ದೊಡ್ಡವರು ದೊಡ್ಡ ಕೆಲಸ ಮಾಡಿಕೊಳ್ಳಬಹುದಲ್ಲ! ನೆಟ್ಟಗೆ ಹೇಳಬೇಕೆಂದರೆ, ಕಮ್ಯುನಿಟಿ ಕಾಲೇಜು ಹುಟ್ಟಿದ್ದು ಬಡವರ ಮಕ್ಕಳ ಉದ್ಧಾರಕ್ಕಲ್ಲ, ವಿಶ್ವವಿದ್ಯಾಲಯಕ್ಕೆ ಅಂಗಳ ಗುಡಿಸುವ ಕೆಲಸ ತಪ್ಪಲಿ ಎಂದು. ಈ ಮಾತು ಸ್ಮರಣ ಸಂಚಿಕೆಗೆ ಒಗ್ಗುವಂಥದ್ದಲ್ಲ, ಆದರೆ ಮುಂದೆ ಆದದ್ದರ ಸ್ವಾರಸ್ಯ ಇದರಲ್ಲೇ ಇದೆ. ವಿಶ್ವವಿದ್ಯಾಲಯದ ಅನುಕೂಲಕ್ಕೆ ಹುಟ್ಟಿದ್ದನ್ನು ಊರು ಮೆಲ್ಲಗೆ ತನ್ನ ಅನುಕೂಲಕ್ಕೆ ಎಳೆದುಕೊಂಡಿತು.

(ಅದೇ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಅರವತ್ತು ವರ್ಷದ ಮೇಲೆ ನಮ್ಮ ಎ.ಕೆ. ರಾಮಾನುಜನ್ ಪಾಠ ಹೇಳಲು ಬಂದರು, 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ನಮ್ಮವರ ಕೂಟಗಳಲ್ಲಿ ಆ ವಿಶ್ವವಿದ್ಯಾಲಯದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರಿಲ್ಲ. ಜೋಲಿಯೆಟ್‌ನ ಹೈಸ್ಕೂಲಿನ ಮುಂದೆ ನಿಂತವರನ್ನು ನಾನಿನ್ನೂ ನೋಡಿಲ್ಲ.)

ಬ್ರೌನ್ ಅವರ ಕೆಲಸ ಹಾರ್ಪರ್ ಅವರದಷ್ಟು ಮಿಂಚಿನದಲ್ಲ. ಶಾಲಾ ಮಂಡಳಿಯನ್ನು ಒಪ್ಪಿಸಬೇಕು, ಮೇಷ್ಟರುಗಳನ್ನು ಹೊಂದಿಸಬೇಕು, ಇಲ್ಲಿ ಓದಿದ್ದನ್ನು ಅಲ್ಲಿ ಎಣಿಕೆಗೆ ತೆಗೆದುಕೊಳ್ಳುವಂತೆ ವಿಶ್ವವಿದ್ಯಾಲಯದ ಜೊತೆ ಮಾತಾಡಬೇಕು. 1902ರ ಕೊನೆಗೆ ಮಂಡಳಿ ಅಧಿಕೃತವಾಗಿ ಒಪ್ಪಿತು. ಹೈಸ್ಕೂಲು ಮುಗಿಸಿದವರು ಶುಲ್ಕವಿಲ್ಲದೆ ಮುಂದಿನ ಪಾಠ ಕಲಿಯಬಹುದು. ಜೂನಿಯರ್ ಕಾಲೇಜು ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 1916ರ ಹೊತ್ತಿಗೆ. ಹಾರ್ಪರ್ 1906ರಲ್ಲೇ, ನಲವತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡಿದ್ದರು. ಬ್ರೌನ್ ಮುಂದೆ ಡಿಕ್ಯಾಲ್ಬ್‌ನ ಶಿಕ್ಷಕರ ಕಾಲೇಜಿನ ಅಧ್ಯಕ್ಷರಾಗಿ ಹೋದರು. ಕಾಲೇಜು ಮಾತ್ರ ಆ ಸುಣ್ಣಕಲ್ಲಿನ ಹೈಸ್ಕೂಲು ಕಟ್ಟಡದಲ್ಲೇ, ಬಾಡಿಗೆಮನೆಯವರ ಹಾಗೆ, ಅರುವತ್ತು ವರ್ಷಕ್ಕೂ ಮಿಕ್ಕಿ ಕಾಲ ಹಾಕಿತು.

ಆ ಕಾಲದಲ್ಲಿ ಇಲ್ಲಿಂದ ಹೋದವರಲ್ಲಿ ಇಬ್ಬರ ಹೆಸರನ್ನಾದರೂ ಹೇಳಲೇಬೇಕು. ಒಬ್ಬರು ಕ್ಯಾಥರೀನ್ ಡನ್‌ಹ್ಯಾಮ್. ಇಲ್ಲಿ ಓದಿ, ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ಮಾನವಶಾಸ್ತ್ರ ಕಲಿತು, ಕೆರಿಬಿಯನ್ ದ್ವೀಪಗಳ ಕುಣಿತವನ್ನು ಅಮೆರಿಕದ ರಂಗಕ್ಕೆ ತಂದ ಕಪ್ಪು ಹೆಣ್ಣುಮಗಳು. ಹಾರ್ಪರ್ ಹಾಕಿದ ದಾರಿಯಲ್ಲಿ ಹಾರ್ಪರ್ ಕನಸಿನಲ್ಲೂ ನೆನೆಯದ ಪಯಣ. ಇನ್ನೊಬ್ಬರು ಜಾನ್ ಹೌಬೋಲ್ಟ್. ಇಲ್ಲಿಂದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಚಂದ್ರನ ಮೇಲೆ ಇಡೀ ರಾಕೆಟ್ಟನ್ನು ಇಳಿಸುವ ಬದಲು, ತಾಯಿನೌಕೆ ಚಂದ್ರನ ಸುತ್ತ ಸುತ್ತುತ್ತಿರಲಿ, ಪುಟ್ಟದೊಂದು ಗಾಡಿ ಮಾತ್ರ ಇಳಿದು ಹತ್ತಿಬರಲಿ ಎಂದು ನಾಸಾದಲ್ಲಿ ಹಟ ಹಿಡಿದು ಕೂತವರು. 1961ರಲ್ಲಿ ಮೇಲಧಿಕಾರಿಗಳ ಸಾಲನ್ನೆಲ್ಲ ದಾಟಿ ನೇರ ಮೇಲಿನವರಿಗೇ ಕಾಗದ ಬರೆದರು. 1969ರಲ್ಲಿ ನಡೆದದ್ದು ಅವರು ಹೇಳಿದ ಹಾಗೆಯೇ. ಇವತ್ತು ಕಾಲೇಜಿನ ಮುಖ್ಯ ಆವರಣ ಇರುವುದು ಹೌಬೋಲ್ಟ್ ರಸ್ತೆಯಲ್ಲಿ. ಆ ರಸ್ತೆಯಲ್ಲಿ ದಿನಾ ಕಾರು ಓಡಿಸುವ ನಮ್ಮ ಎಂಜಿನಿಯರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು ಈ ಸಂಗತಿ ಎಂದು ಒಮ್ಮೆ ಕೂಟದಲ್ಲಿ ಕೇಳಿದ್ದೆ. ಎರಡು ಕೈ ಮೇಲೆದ್ದವು, ಅದರಲ್ಲೊಂದು ಕಾಫಿ ಬೇಕು ಎಂದು.

ಇಷ್ಟು ಹೊತ್ತು ಹೇಳಿದ್ದು ವಿಶ್ವವಿದ್ಯಾಲಯದ ಕಡೆಗೆ ತೆರೆಯುವ ಬಾಗಿಲಿನ ಕತೆ. ಕೆಲಸದ ಕಡೆಗೆ ತೆರೆಯುವ ಬಾಗಿಲು ತಡವಾಗಿ ಬಂತು. ಅದಕ್ಕೆ ಕಾನೂನಿನದೂ ಒಂದು ಕಾರಣ. 1917ರಲ್ಲಿ ಸ್ಮಿತ್ ಹ್ಯೂಸ್ ಕಾಯಿದೆ ಬಂದು, ಕೃಷಿ, ಕೈಗಾರಿಕೆ, ಗೃಹವಿಜ್ಞಾನದ ಕಸುಬು ಕಲಿಸಲು ಕೇಂದ್ರ ಸರ್ಕಾರ ಮೊದಲ ಸಲ ಸರಿಯಾಗಿ ದುಡ್ಡು ಬಿಚ್ಚಿತು. ಆದರೆ ಷರತ್ತು ಏನೆಂದರೆ ಕಲಿಕೆ ಕಾಲೇಜಿಗಿಂತ ಕೆಳಗಿನ ಮಟ್ಟದ್ದಾಗಿರಬೇಕು. ಹೈಸ್ಕೂಲು ತೆಗೆದುಕೊಳ್ಳಬಹುದು, ಕಾಲೇಜು ಎಂದು ಬೋರ್ಡು ಹಾಕಿಕೊಂಡವರು ಸುಮ್ಮನಿರಬೇಕು. ಹೀಗಾಗಿ ಜೂನಿಯರ್ ಕಾಲೇಜುಗಳು ಬಹುಕಾಲ ಲ್ಯಾಟಿನ್, ಬೀಜಗಣಿತ, ಇತಿಹಾಸ ಕಲಿಸಿಕೊಂಡು ಕೂತವು. ಊರಿನಲ್ಲಿ ಕುಲುಮೆ ಉರಿಯುತ್ತಿತ್ತು, ಮಗ ಅಪ್ಪನ ಹಿಂದೆ ಕಾರ್ಖಾನೆಗೆ ಹೋಗಿ ಕೈಕೆಲಸ ಕಲಿಯುತ್ತಿದ್ದ, ಕಾಲೇಜಿಗೂ ಅದಕ್ಕೂ ಏನು ಸಂಬಂಧ?

ಎರಡನೇ ಮಹಾಯುದ್ಧ ಎಲ್ಲ ತಿರುವುಮುರುವು ಮಾಡಿತು. 1944ರ ಜಿ.ಐ. ಕಾಯಿದೆಯಲ್ಲಿ ಓದಿನ ಖರ್ಚು ಸರ್ಕಾರದ್ದೇ ಎಂದಾಗ ಲಕ್ಷಾಂತರ ಸೈನಿಕರು ಪುಸ್ತಕ ಹಿಡಿದು ಬಂದರು. ಅವರಿಗೆ ಹೆಂಡತಿ ಮಕ್ಕಳಿದ್ದರು, ನಾಲ್ಕು ವರ್ಷ ಲ್ಯಾಟಿನ್ ಓದುವ ವ್ಯವಧಾನ ಇರಲಿಲ್ಲ. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ, ಜೂನಿಯರ್ ಎಂಬ ಮಾತನ್ನು ಬದಿಗಿಟ್ಟು ಕಮ್ಯುನಿಟಿ ಕಾಲೇಜು ಎಂಬ ಹೆಸರನ್ನು ಎತ್ತಿ ಹಿಡಿಯಿತು. ಹೆಸರು ಬದಲಾದ ಮಾತ್ರಕ್ಕೆ ಏನೂ ಆಗುವುದಿಲ್ಲ ಅನ್ನುವವರ ಪೈಕಿ ನಾನೂ ಒಬ್ಬ. ಈ ಸಲ ಆಯಿತು. ಜೂನಿಯರ್ ಎಂದರೆ ಮೇಲೆ ಯಾರೋ ಸೀನಿಯರ್ ಇದ್ದಾನೆ, ಅವನ ಕೈಕೆಳಗೆ. ಕಮ್ಯುನಿಟಿ ಎಂದರೆ ಊರಿನದು. ಜೋಲಿಯೆಟ್ ಮಾತ್ರ ಹಳೇ ಹೆಸರನ್ನು ಬಿಟ್ಟುಕೊಡಲಿಲ್ಲ. ಹಿರಿಯಣ್ಣನಿಗೆ ಇವತ್ತಿಗೂ ಚಿಕ್ಕವನೆಂದೇ ಹೆಸರು.

1963ರ ವೃತ್ತಿ ಶಿಕ್ಷಣ ಕಾಯಿದೆ ಹಳೇ ಕಟ್ಟುಗಳನ್ನು ಸಡಿಲಿಸಿತು. 1960ರ ದಶಕ ಒಂದರಲ್ಲೇ ದೇಶದಲ್ಲಿ 457 ಸರ್ಕಾರಿ ಕಮ್ಯುನಿಟಿ ಕಾಲೇಜುಗಳು ತೆರೆದವು, ಹೆಚ್ಚುಕಡಿಮೆ ವಾರಕ್ಕೊಂದು. ಇಲಿನಾಯ್‌ನಲ್ಲಿ 1965ರ ಕಾನೂನು ಬಂದು ಈ ಕಾಲೇಜುಗಳಿಗೆ ತಮ್ಮದೇ ಜಿಲ್ಲೆ, ತಮ್ಮದೇ ಚುನಾಯಿತ ಮಂಡಳಿ, ತಮ್ಮದೇ ತೆರಿಗೆ ಹಾಕುವ ಅಧಿಕಾರ ಸಿಕ್ಕಿತು. ಈಗ ರಾಜ್ಯದಲ್ಲಿ ಇಂಥ 39 ಜಿಲ್ಲೆಗಳಿವೆ. 1967ರಲ್ಲಿ ಜೋಲಿಯೆಟ್ ಕಾಲೇಜು ಹೈಸ್ಕೂಲಿನಿಂದ ಬೇರೆಯಾಗಿ ಜಿಲ್ಲೆ 525 ಆಯಿತು. ಊರಾಚೆ ಜೋಳದ ಹೊಲಗಳ ಕಡೆ ಜಾಗ ಹಿಡಿದು ಕಟ್ಟಡ ಎಬ್ಬಿಸಿತು. ನಮ್ಮ ಬಿಲ್ಲಿನ ಆ ಸಾಲು ಶುರುವಾದದ್ದು ಹೀಗೆ.

ಯಾವ ಕಸುಬು ಕಲಿಸಬೇಕು ಎಂದು ಗೊತ್ತುಮಾಡುವ ಕ್ರಮ ಇಲ್ಲಿ ನನಗೆ ಹಿಡಿಸಿದ್ದು. ಪ್ರತಿ ಕೋರ್ಸಿಗೂ ಒಂದು ಸಲಹಾ ಸಮಿತಿ. ವರ್ಷಕ್ಕೆ ಒಂದೋ ಎರಡೋ ಸಲ ಊರಿನ ಆಸ್ಪತ್ರೆಯ ನರ್ಸಿಂಗ್ ಮುಖ್ಯಸ್ಥೆ, ಗ್ಯಾರೇಜಿನ ಯಜಮಾನ, ವೆಲ್ಡಿಂಗ್ ಷಾಪಿನ ಮೇಸ್ತ್ರಿ, ಹೋಟೆಲಿನ ಬಾಣಸಿಗ ಬಂದು ಮೇಷ್ಟರ ಜೊತೆ ಮೇಜಿಗೆ ಕೂರುತ್ತಾರೆ. ನೀವು ಕಳಿಸಿದ ಹುಡುಗನಿಗೆ ನಕಾಶೆ ಓದಲು ಬರುವುದಿಲ್ಲ, ಈ ಯಂತ್ರವನ್ನು ನಾವು ಬಿಟ್ಟು ಐದು ವರ್ಷವಾಯಿತು, ಇದನ್ನು ಯಾಕೆ ಇನ್ನೂ ಕಲಿಸುತ್ತೀರಿ, ಎಂದು ಮುಖಕ್ಕೆ ಹೇಳುತ್ತಾರೆ. ಹುಡುಗ ಹತ್ತಾರು ವಾರದ ಸರ್ಟಿಫಿಕೇಟು ಮುಗಿಸಿ ಕೆಲಸಕ್ಕೆ ಹೋಗಬಹುದು, ಮತ್ತೆ ಬಂದು ಅದರ ಮೇಲೆ ಇನ್ನೊಂದು ಪೇರಿಸಬಹುದು, ಅರುವತ್ತು ಕ್ರೆಡಿಟ್ ತುಂಬಿದರೆ ಎರಡು ವರ್ಷದ ಅಸೋಸಿಯೇಟ್ ಪದವಿ. ಇದೆಲ್ಲ ಕಾಗದದ ಮೇಲೆ ಅಚ್ಚುಕಟ್ಟು. ಸಮಿತಿಗೆ ಬರುವ ಯಜಮಾನರು ತಮಗೆ ನಾಳೆ ಬೇಕಾದ ಕೈಗಳನ್ನು ಕೇಳುತ್ತಾರೆಯೇ ಹೊರತು, ಹುಡುಗನಿಗೆ ಇಪ್ಪತ್ತು ವರ್ಷದ ಮೇಲೆ ಬೇಕಾಗುವ ತಲೆಯನ್ನಲ್ಲ. ಆ ಜಗ್ಗಾಟ ಈ ಕಾಲೇಜುಗಳಲ್ಲಿ ಎಂದೂ ತೀರಿದ್ದಿಲ್ಲ.

ಕಸುಬಿನ ಬಾಗಿಲು ನಿಜವಾಗಿ ಏನು ಮಾಡಬಲ್ಲದು ಎಂಬುದಕ್ಕೆ ನರ್ಸಿಂಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲೆಲ್ಲ ನರ್ಸಾಗಬೇಕಾದರೆ ಹೆಚ್ಚಿನವರು ಆಸ್ಪತ್ರೆಯ ಶಾಲೆಗೆ ಸೇರಿ, ಅಲ್ಲೇ ಉಳಿದು, ಮೂರು ವರ್ಷ ಹೆಚ್ಚುಕಡಿಮೆ ಕೂಲಿಯಿಲ್ಲದ ಕೆಲಸದಾಳಾಗಿ ದುಡಿಯಬೇಕಿತ್ತು. ಯುದ್ಧದ ನಂತರ ನರ್ಸುಗಳ ಬರ ಬಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಮಿಲ್ಡ್ರೆಡ್ ಮಾಂಟಾಗ್ ತಮ್ಮ ಸಂಶೋಧನೆಯಲ್ಲಿ ಒಂದು ಪ್ರಶ್ನೆ ಎತ್ತಿದರು: ಈ ಕಲಿಕೆಯನ್ನು ಆಸ್ಪತ್ರೆಯಿಂದ ಬಿಡಿಸಿ ಎರಡು ವರ್ಷದ ಕಾಲೇಜಿಗೆ ಯಾಕೆ ತರಬಾರದು? 1952ರಲ್ಲಿ ಏಳು ಕಾಲೇಜು, ಒಂದು ಆಸ್ಪತ್ರೆಯಲ್ಲಿ ಐದು ವರ್ಷದ ಪ್ರಯೋಗ ಶುರುವಾಯಿತು. ಎರಡು ವರ್ಷ ಕಲಿತವರು ಅದೇ ಲೈಸೆನ್ಸ್ ಪರೀಕ್ಷೆ ಬರೆದು ಪಾಸಾದರು. ಇವತ್ತು ಕಮ್ಯುನಿಟಿ ಕಾಲೇಜಿನ ನರ್ಸೂ ನಾಲ್ಕು ವರ್ಷದ ಪದವಿಯ ನರ್ಸೂ ಬರೆಯುವುದು ಒಂದೇ ಪರೀಕ್ಷೆ. ಮದುವೆಯಾದವರು, ಮಕ್ಕಳ ತಾಯಂದಿರು, ನಡುವಯಸ್ಸಿನವರು, ಗಂಡಸರು, ಹಳೇ ಆಸ್ಪತ್ರೆ ಶಾಲೆ ಹತ್ತಿರಕ್ಕೂ ಬಿಟ್ಟುಕೊಳ್ಳದವರೆಲ್ಲ ಒಳಗೆ ಬಂದರು.

ನಮ್ಮ ಪಕ್ಕದ ಬೀದಿಯಲ್ಲಿ ತುಮಕೂರಿನ ಕಡೆಯ ಒಬ್ಬ ಹೆಣ್ಣುಮಗಳಿದ್ದಾಳೆ. ಬಿ.ಎಸ್ಸಿ. ಮಾಡಿ, ಮದುವೆಯಾಗಿ, ಗಂಡನನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬಂದವಳು. ಎಚ್-4ರಲ್ಲಿ ಓದಬಹುದಿತ್ತು, ದುಡಿಯುವ ಹಾಗಿರಲಿಲ್ಲ. 2015ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರ ಹೆಂಡತಿಯರಿಗೆ ಕೆಲಸದ ಅನುಮತಿ ಸಿಗತೊಡಗಿತು. ಅಷ್ಟರಲ್ಲಿ ಮನೆಯಲ್ಲಿ ಕೂತು ಏಳು ವರ್ಷ ಕಳೆದಿತ್ತು ಅವಳಿಗೆ. ಮೊದಲು ಸೇರಿದ್ದು ನರ್ಸಿಂಗ್ ಸಹಾಯಕಿಯ ಕೋರ್ಸಿಗೆ. ಇಲಿನಾಯ್‌ನಲ್ಲಿ ಅದಕ್ಕೆ ಕಡಿಮೆ ಎಂದರೆ 120 ಗಂಟೆಯ ಕಲಿಕೆ. ಒಂದು ಭಾನುವಾರ ನಮ್ಮ ಮನೆಗೆ ಬಂದವಳೇ ರಕ್ತದೊತ್ತಡದ ಪಟ್ಟಿ ತೆಗೆದು, "ಅಣ್ಣಾ, ತೋಳು ಚಾಚಿ" ಅಂದಳು. ಪಟ್ಟಿ ಬಿಗಿದು, ಗಾಳಿ ಒತ್ತಿ, ಕಿವಿಗೆ ಕೊಳವೆ ಇಟ್ಟು, ಮುಳ್ಳು ಇಳಿಯುವುದನ್ನೇ ನೋಡುತ್ತಾ ತುಟಿಯಲ್ಲೇ ಎಣಿಸಿದಳು. ಸಿಗಲಿಲ್ಲ. ಇನ್ನೊಮ್ಮೆ. ಮೂರನೆಯ ಸಲ ನನ್ನ ಕೈ ಜೋಮು ಹಿಡಿಯಿತು, ಅವಳಿಗೆ ಸದ್ದು ಸಿಕ್ಕಿತು. "ಇಲ್ಲಿ ಕೈ ತೊಳೆಯೋದಕ್ಕೂ ಪರೀಕ್ಷೆ ಇದೆ ಗೊತ್ತಾ" ಎಂದು ನನ್ನ ಹೆಂಡತಿಗೆ ಸಿಂಕಿನ ಹತ್ತಿರ ಮಾಡಿ ತೋರಿಸಿದಳು: ಬೆರಳ ತುದಿ ಕೆಳಗೆ, ಉಗುರಿನ ಸಂದಿ, ಮಣಿಕಟ್ಟು, ಕೊನೆಗೆ ತೊಳೆದ ಕೈಯಲ್ಲಿ ನಲ್ಲಿ ಮುಟ್ಟದೆ ಕಾಗದದ ಟವಲಿನಲ್ಲಿ ಹಿಡಿದು ತಿರುಗಿಸುವುದು. ನನ್ನ ಹೆಂಡತಿ, "ಇದು ನಮ್ಮಜ್ಜಿ ಮಡಿಯಲ್ಲಿ ಮಾಡ್ತಿದ್ದದ್ದೇ ಕಣೇ" ಅಂದಳು. ಇಬ್ಬರೂ ನಕ್ಕರು.

ಆಮೇಲೆ ಅವಳು ಮುದುಕರ ಆರೈಕೆ ಮನೆಯೊಂದರಲ್ಲಿ ಒಂದು ವರ್ಷ ದುಡಿದಳು. ಹಾಸಿಗೆ ಹಿಡಿದವರನ್ನು ಹೊರಳಿಸುವುದು, ಸೊಂಟಕ್ಕೆ ಪಟ್ಟಿ ಕಟ್ಟಿ ಎಬ್ಬಿಸಿ ನಡೆಸುವುದು, ತೊಳೆಯುವುದು. ಊರಿಗೆ ಫೋನು ಮಾಡಿದಾಗ ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಹೇಳುತ್ತಿದ್ದಳಂತೆ. ಈಗ ನರ್ಸಿಂಗ್ ಮುಗಿಸಿದ್ದಾಳೆ. ಈಗಲೂ ಅಷ್ಟೇ ಹೇಳುತ್ತಾಳೆ, ದನಿ ಬೇರೆ.

ನಮ್ಮ ಜನಕ್ಕೆ ಈ ಬಾಗಿಲಿನ ಬಗ್ಗೆ ಒಂದು ಅಸಡ್ಡೆ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದನ್ನು ನಾವು ಇಲ್ಲಿ ಕಲಿತದ್ದಲ್ಲ, ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಜೊತೆ ತಂದದ್ದು. ಎಸ್ಸೆಸ್ಸೆಲ್ಸಿಯಲ್ಲಿ ನಂಬರು ಬಂದರೆ ಪಿಯುಸಿ, ಬರದಿದ್ದರೆ ಡಿಪ್ಲೊಮಾ, ಅದೂ ಆಗದಿದ್ದರೆ ಐಟಿಐ. ನನ್ನ ಅಣ್ಣ ಬೆಂಗಳೂರಿನ ಶೇಷಾದ್ರಿ ರಸ್ತೆಯ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿದವನು. ಸರ್ ಎಂ.ವಿ. ಅವರ ಮುತುವರ್ಜಿಯಿಂದ 1943ರಲ್ಲಿ ಅದು ಶುರುವಾದಾಗ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರು. ಹಳಬರು ಆಕ್ಯುಪೇಶನಲ್ ಎಂದೇ ಅನ್ನುತ್ತಿದ್ದರು. ಹೆಸರಿನಲ್ಲೇ ಕಸುಬು ಇತ್ತು. ಸಿನಿಮಾ ಛಾಯಾಗ್ರಹಣವನ್ನೂ ಅಲ್ಲಿ ಕಸುಬೆಂದು ಕಲಿಸಿದರು, ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಅಲ್ಲಿ ಡಿಪ್ಲೊಮಾ ಮುಗಿಸಿ ಮುಂಬೈಗೆ ಹೋಗಿ ಗುರುದತ್ ಚಿತ್ರಗಳಿಗೆ ಬೆಳಕು ಕಟ್ಟಿದರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅನ್ನಿಸಿಕೊಂಡರು. ಇಷ್ಟಿದ್ದೂ ನಮ್ಮ ಮನೆಯಲ್ಲಿ ನೆಂಟರು ಬಂದಾಗ ಅಪ್ಪ ಅಣ್ಣನ ಓದಿನ ವಿಷಯ ಬಂದರೆ ಮಾತು ತೇಲಿಸಿಬಿಡುತ್ತಿದ್ದರು. ಅಣ್ಣ ಅದನ್ನು ಮರೆತ, ನಾನು ಮರೆತಿಲ್ಲ.

ಅಮೆರಿಕದವರಲ್ಲಿ ಈ ಅಸಡ್ಡೆ ಇಲ್ಲ ಅಂತಲ್ಲ. ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಎರಡು ವರ್ಷದ ಕಾಲೇಜನ್ನು ನೋಡಿ 1960ರಲ್ಲಿ ಬರೆದದ್ದು ಕಹಿಯಾದ ಮಾತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಕರೆಯುತ್ತಾರೆ. ಒಳಗೆ ಬಂದವನ ದೊಡ್ಡ ಆಸೆಯನ್ನು ಸಲಹೆಗಾರರು ಮೆಲ್ಲಗೆ ಆರಿಸುತ್ತಾ, ಇದು ನಿನಗಲ್ಲ, ಅದು ನೋಡು ಎಂದು ಸಣ್ಣ ಕೆಲಸದ ಕಡೆಗೆ ತಿರುಗಿಸುತ್ತಾರೆ. ಸೋತವನಿಗೆ ತಾನು ಸೋತೆ ಅನ್ನಿಸಬಾರದು, ಅಷ್ಟೇ. ಅರುವತ್ತು ವರ್ಷ ದಾಟಿದ ಮೇಲೂ ಆ ಟೀಕೆ ಪೂರ್ತಿ ಸುಳ್ಳಾಗಿಲ್ಲ. ಸೇರಿದವರಲ್ಲಿ ಬಹಳ ಜನ ಮುಗಿಸದೆ ಬಿಡುತ್ತಾರೆ. ಕಾರು ಕೆಟ್ಟಿತು, ಮಗುವಿಗೆ ಜ್ವರ ಬಂತು, ಪಾಳಿ ಬದಲಾಯಿತು, ಅಷ್ಟಕ್ಕೇ ಓದು ನಿಲ್ಲುತ್ತದೆ. ನ್ಯೂಯಾರ್ಕ್ ನಗರದ ಕಾಲೇಜುಗಳು 2007ರಲ್ಲಿ ಒಂದು ಯೋಜನೆ ಶುರುಮಾಡಿದವು: ಬಸ್ಸು ರೈಲಿನ ಕಾರ್ಡು ಕೈಗೆ ಕೊಡುವುದು, ಪುಸ್ತಕದ ಖರ್ಚು ನೋಡಿಕೊಳ್ಳುವುದು, ಒಬ್ಬ ಸಲಹೆಗಾರರಿಗೆ ಕಡಿಮೆ ವಿದ್ಯಾರ್ಥಿಗಳು, ಅವರನ್ನು ಆಗಾಗ ಕಂಡೇ ಕಾಣಬೇಕೆಂಬ ಕಟ್ಟು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದಾಗ, ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಯೋಜನೆಯಲ್ಲಿದ್ದವರಲ್ಲಿ ನೂರಕ್ಕೆ 40, ಇಲ್ಲದವರಲ್ಲಿ 22. ಬುದ್ಧಿ ಇಬ್ಬರಿಗೂ ಒಂದೇ ಇತ್ತು. ಒಬ್ಬನ ಜೇಬಿನಲ್ಲಿ ಬಸ್ ಕಾರ್ಡು ಇತ್ತು.

ಮತ್ತೆ ಜೋಲಿಯೆಟ್‌ಗೆ ಬರೋಣ. 1901ರಲ್ಲಿ ಕುಲುಮೆಯ ಕಡೆಗೆ ಪಂದ್ಯ ಕಟ್ಟಿದ್ದವರು ಸೋಲುತ್ತಿದ್ದರು. 1980ರ ದಶಕದ ಆರಂಭಕ್ಕೆ ಉಕ್ಕಿನ ಕಾರ್ಖಾನೆ ಮುಚ್ಚಿತು, ಊರು ನಿರುದ್ಯೋಗದಲ್ಲಿ ಮುಳುಗಿತು. ಈಗ ಕುಲುಮೆಗಳಿದ್ದ ಜಾಗದ ಅಡಿಪಾಯಗಳ ನಡುವೆ ನಡೆದಾಡಲು ದಾರಿ ಮಾಡಿದ್ದಾರೆ, ಕೌಂಟಿಯ ಅರಣ್ಯ ಸಂರಕ್ಷಣೆಯವರು ಫಲಕ ಹಾಕಿದ್ದಾರೆ. ಹಾಳು ಹಂಪೆಯನ್ನು ಕಂಡವರಿಗೆ ಅಲ್ಲಿ ಒಂಥರ ಪರಿಚಿತ ಮೌನ. ಇಂಥ ಊರುಗಳಲ್ಲೆಲ್ಲ ಆ ವರ್ಷಗಳಲ್ಲಿ ಕಮ್ಯುನಿಟಿ ಕಾಲೇಜಿನ ಬೆಂಚಿಗೆ ಬಂದದ್ದು ಹದಿನೆಂಟರ ಹುಡುಗರಷ್ಟೇ ಅಲ್ಲ, ನಲವತ್ತು ದಾಟಿದ, ಕಾಗದದ ಮೇಲೆ ಪೆನ್ನು ಇಟ್ಟು ವರ್ಷಗಳಾದ ಗಂಡಸರು. ಕೆಲಸ ಕಳೆದುಕೊಂಡವರಿಗೆ ಮರುತರಬೇತಿ ಕೊಡುವ ಕಾಯಿದೆಗಳು 1982ರಿಂದ ಒಂದರ ಹಿಂದೆ ಒಂದು ಬಂದವು, ಪ್ರತಿ ಸಲವೂ ಹೆಸರು ಬೇರೆ, ಅರ್ಜಿ ಇನ್ನಷ್ಟು ಉದ್ದ. 2009ರಲ್ಲಿ ಒಬಾಮ ಮಿಷಿಗನ್‌ನ ಮೇಕೋಂಬ್ ಕಮ್ಯುನಿಟಿ ಕಾಲೇಜಿನಲ್ಲಿ ನಿಂತು ಇಂಥ ಕಾಲೇಜುಗಳಿಗೆ 1200 ಕೋಟಿ ಡಾಲರಿನ ಯೋಜನೆ ಹೇಳಿದರು. ಕಾಂಗ್ರೆಸ್ಸಿನ ಬಾಗಿಲು ದಾಟುವ ಹೊತ್ತಿಗೆ ಅದು ಸುಮಾರು 200 ಕೋಟಿಗೆ ಇಳಿದಿತ್ತು.

ಊರಿಗೆ ಮುಂದಿನ ಕೆಲಸ ಬಂದದ್ದು ರೈಲಿನ ಮೇಲೆ. ದಕ್ಷಿಣಕ್ಕೆ ಎಲ್‌ವುಡ್‌ನಲ್ಲಿ ಯುದ್ಧಕಾಲದ ಮದ್ದುಗುಂಡಿನ ಕಾರ್ಖಾನೆಯ ಜಾಗವಿತ್ತು. ಒಂದು ಭಾಗ ಹುಲ್ಲುಗಾವಲಾಗಿ ಉಳಿಯಿತು, ಇನ್ನೊಂದರಲ್ಲಿ 2002ರಲ್ಲಿ ರೈಲಿನಿಂದ ಲಾರಿಗೆ ಕಂಟೇನರು ಇಳಿಸುವ ದೊಡ್ಡ ಕಟ್ಟೆ ತೆರೆಯಿತು. ಸುತ್ತ ಗೋದಾಮುಗಳು ಎದ್ದವು, ಕಣ್ಣು ಹಾಯಿಸಿದಷ್ಟೂ ಕಿಟಕಿಯಿಲ್ಲದ ಬಿಳಿ ಗೋಡೆ. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ ಒಂದು ಬಂದರು. ಫೋರ್ಕ್‌ಲಿಫ್ಟ್ ಓಡಿಸುವವರು ಬೇಕು, ಲಾರಿ ಓಡಿಸುವವರು ಬೇಕು, ಬೆಲ್ಟು ಕೆಟ್ಟರೆ ಸರಿಮಾಡುವವರು ಬೇಕು. ಇಲ್ಲಿ ನನಗೆ ಅನುಮಾನವಿದೆ. ಬೆಲ್ಟು ರಿಪೇರಿಯ ವಿದ್ಯೆ ಬೆಳೆಯುವಂಥದ್ದು. ಮೋಟಾರು, ವೈರಿಂಗು, ಕಂಟ್ರೋಲು ಎಲ್ಲ ತಿಳಿದ ಹುಡುಗ ಎಲ್ಲಿ ಬೇಕಾದರೂ ಬದುಕುತ್ತಾನೆ. ಗುತ್ತಿಗೆ ಏಜೆನ್ಸಿಯ ಮೂಲಕ ಡಬ್ಬಿ ಎತ್ತುವ ಕೆಲಸಕ್ಕೆ ನಾಲ್ಕು ದಿನದ ಸರ್ಟಿಫಿಕೇಟು ಕೊಟ್ಟು ಅದನ್ನು ವೃತ್ತಿ ಎಂದು ಕರೆದರೆ ಆ ಮಾತಿಗೆ ಏನು ಬೆಲೆ? ನಾವು ಕೊಡುವ ತೆರಿಗೆ ಗೋದಾಮಿನವನ ತರಬೇತಿ ಖರ್ಚನ್ನು ಉಳಿಸುತ್ತದೆ, ಅಷ್ಟೇ. ಅದಕ್ಕಿಂತ ಕಾಲೇಜಿನ ತೋಟಗಾರಿಕೆ ವಿಭಾಗ, ಅಡುಗೆ ವಿಭಾಗ ನನಗೆ ಹೆಚ್ಚು ಹತ್ತಿರ. ಜೋಳ, ಸೋಯಾ ಬೆಳೆಯುವ ಸೀಮೆಯಲ್ಲಿ ಮಣ್ಣು ಕಲಿಸುವ ಕಾಲೇಜು ಮಣ್ಣಿಗೆ ಹೊಂದುತ್ತದೆ.

ನಿವೃತ್ತಿಯಾದ ಮೇಲೆ ನಾನೂ ಇಂಥದೊಂದು ಕಾಲೇಜಿನ ಸಂಜೆ ವೆಲ್ಡಿಂಗ್ ತರಗತಿಗೆ ಸೇರಿದೆ. ಮೂವತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತವನಿಗೆ ಕೈಯಲ್ಲಿ ಏನಾದರೂ ಮಾಡಿ ನೋಡುವ ಹುಚ್ಚು. ಒಬ್ಬೊಬ್ಬರಿಗೆ ಒಂದೊಂದು ಗೂಡು, ಮುಂದೆ ದಪ್ಪ ಪರದೆ, ತಲೆಗೆ ಮುಖಗವಸು. ಅದನ್ನು ಇಳಿಸಿದರೆ ಕಡು ಕತ್ತಲೆ, ಕಿಡಿ ಹೊತ್ತಿದ ಮೇಲೆ ಹಸಿರು ಬೆಳಕಿನಲ್ಲಿ ಕಾಣುವುದು ಕರಗಿದ ಲೋಹದ ಒಂದು ಹನಿ ಮಾತ್ರ. ಮೊದಲ ಮೂರು ವಾರ ಉಕ್ಕಿನ ತಟ್ಟೆಯ ಮೇಲೆ ಗೆರೆ ಎಳೆಯುವುದೇ ಕೆಲಸ. ವೆಲ್ಡಿಂಗ್ ಕಡ್ಡಿ ಹತ್ತಿರ ಹೋದರೆ ಅಂಟಿಕೊಳ್ಳುತ್ತದೆ, ದೂರ ಹೋದರೆ ಚೆಲ್ಲಾಡುತ್ತದೆ. ಕಣ್ಣಿನಿಂದಲ್ಲ, ಕಿವಿಯಿಂದ ಕಲಿ, ಬಾಣಲೆಯಲ್ಲಿ ಹಂದಿಮಾಂಸ ಹುರಿಯುವ ಸದ್ದು ಬರಬೇಕು ಎಂದರು ಮೇಷ್ಟರು. ಜೀವಮಾನದಲ್ಲಿ ಅದನ್ನು ಹುರಿದವನಲ್ಲ ನಾನು. ಒಂದು ಸಂಜೆ ಇದ್ದಕ್ಕಿದ್ದಂತೆ ಗೂಡಿನೊಳಗೆ ಸಾಸಿವೆ ಕರಿಬೇವು ಎಣ್ಣೆಗೆ ಬಿದ್ದ ಸದ್ದು ಕೇಳಿತು. ಒಗ್ಗರಣೆ! ಚಟಪಟ ಒಂದೇ ಸಮ. ಸುತ್ತಿಗೆಯಿಂದ ಮೇಲಿನ ಕಿಟ್ಟ ಉದುರಿಸಿದಾಗ ಕೆಳಗೆ ಚಕ್ಕುಲಿಯ ಅಂಚಿನ ಹಾಗೆ ಒಂದರ ಮೇಲೊಂದು ಒರಗಿದ ಸಣ್ಣ ಅಲೆಗಳು. ಪಕ್ಕದ ಗೂಡಿನಲ್ಲಿದ್ದ ಹತ್ತೊಂಬತ್ತರ ಹುಡುಗ ಬಂದು ನೋಡಿ ಹೆಬ್ಬೆರಳೆತ್ತಿದ. ಅವನ ಗೆರೆ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅವನು ಹಗಲು ಗೋದಾಮಿನಲ್ಲಿ ದುಡಿದು ಬರುತ್ತಿದ್ದ, ಪೈಪು ಜೋಡಿಸುವವರ ಸಂಘದ ಅಪ್ರೆಂಟಿಸ್ ಪರೀಕ್ಷೆಗೆ ಕೂರುವ ಯೋಚನೆಯಲ್ಲಿದ್ದ. ನನ್ನದು ಹವ್ಯಾಸ, ಅವನದು ಹೊಟ್ಟೆಪಾಡು, ಇಬ್ಬರೂ ಒಂದೇ ಬಾಲ್ದಿಯ ನೀರಿನಲ್ಲಿ ತುಂಡು ಅದ್ದಿ ತಣಿಸುತ್ತಿದ್ದೆವು.

ತರಗತಿ ಮುಗಿಸಿ ಬರುವ ದಾರಿಯಲ್ಲಿ, ಊರಾಚೆಯ ಒಂದು ಡಾಂಬರು ಬಯಲಿನಲ್ಲಿ ಲಾರಿ ಕಲಿಯುವವರು ಅಭ್ಯಾಸ ಮಾಡುತ್ತಿರುತ್ತಾರೆ. 2022ರ ಫೆಬ್ರವರಿಯಿಂದ ದೊಡ್ಡ ಲಾರಿಯ ಲೈಸೆನ್ಸಿಗೆ ಪರೀಕ್ಷೆ ಕೊಡಬೇಕಾದರೆ ಮೊದಲು ನೋಂದಾಯಿತ ಶಾಲೆಯಲ್ಲಿ ಕಲಿತಿರಲೇಬೇಕೆಂದು ಕೇಂದ್ರದ ನಿಯಮವಾಗಿದೆ. ಒಂದು ಸಂಜೆ ಕಾರು ಪಕ್ಕಕ್ಕೆ ನಿಲ್ಲಿಸಿ ನೋಡಿದೆ. ಐವತ್ಮೂರು ಅಡಿಯ ಟ್ರೇಲರನ್ನು ಹಿಮ್ಮುಖವಾಗಿ ಎರಡು ಸಾಲು ಕಿತ್ತಳೆ ಬಣ್ಣದ ಶಂಕುಗಳ ನಡುವೆ ತರಬೇಕು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಹಿಂದಿನದು ಎಡಕ್ಕೆ ಹೋಗುತ್ತದೆ. ನಡುವಯಸ್ಸಿನ ಹೆಂಗಸೊಬ್ಬಳು ಚಾಲಕಿಯ ಜಾಗದಲ್ಲಿದ್ದಳು. ಸ್ವಲ್ಪ ಬಂದು ನಿಲ್ಲಿಸಿದಳು, ಕೆಳಗಿದ್ದ ಮೇಷ್ಟರು ಏನೋ ಕೂಗಿ ಹೇಳಿದರು. ಅವಳು ಬ್ರೇಕು ಕಟ್ಟಿ, ಬಾಗಿಲು ತೆಗೆದು, ಮೂರು ಮೆಟ್ಟಿಲು ಇಳಿದು, ಲಾರಿಯ ಉದ್ದಕ್ಕೂ ನಡೆದು ಹಿಂದೆ ಹೋಗಿ ನೋಡಿದಳು. ಶಂಕುವಿಗೂ ಚಕ್ರಕ್ಕೂ ಒಂದು ಗೇಣು. ಅಷ್ಟುದ್ದ ಮತ್ತೆ ವಾಪಸು ನಡೆದು, ಹತ್ತಿ ಕೂತು, ಒಂದು ಮಾರು ಹಿಂದೆ ತಂದು, ಮತ್ತೆ ನಿಲ್ಲಿಸಿ ಇಳಿದಳು.